ಚಿಕ್ಕಪ್ಪನ ಹೆಸರು ಹೇಳಿದ ಎಲ್ಲರಿಗೂ

ಹೋದ ಡಿಸೆಂಬರ್ 4, ನೌಕಾಪಡೆ ದಿನದಂದು, ಕಾಸರಗೋಡಿನ ಮುಳ್ಳೇರಿಯದ ಹತ್ತಿರದ ನಮ್ಮ ಕನ್ನಡ ಶಾಲೆಯಲ್ಲಿ ಚಿಕ್ಕಪ್ಪನ ಹೆಸರಿನ ಓದುವ ಕೋಣೆ ಶುರುವಾಯಿತು. ಬಂದವರಿಗೆ ಅಂದು ಒಂದು ಮಾತು ಹೇಳಲೂ ನನ್ನಿಂದ ಆಗಲಿಲ್ಲ. ಮೈಕ್ ಹಿಡಿದವಳು ಸುಮ್ನೆ ನಿಂತುಬಿಟ್ಟೆ. ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ಚಿಕ್ಕಪ್ಪ ನೌಕಾಪಡೆಯಲ್ಲಿ ಸಬ್ ಲೆಫ್ಟಿನೆಂಟ್ ಆಗಿದ್ದರು. 1971ರ ಯುದ್ಧದ ಹೊತ್ತಿಗೆ ಅವರಿಗೆ 23 ವರ್ಷ. ನವೆಂಬರ್ ಕೊನೆಗೆ ಕಾಮಾಲೆ ಹಿಡಿಯಿತು, ಮುಂಬಯಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಹಡಗು ಅವರನ್ನು ಬಿಟ್ಟು ಹೊರಟಿತು. ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದ ಸುದ್ದಿಯನ್ನು ಅವರು ಮಂಚದಲ್ಲೇ ಕೇಳಿದರಂತೆ. 9ನೇ ತಾರೀಕು ದಿಯು ಹತ್ತಿರ ನಮ್ಮ ನೌಕಾಪಡೆಯ ಇನ್ನೊಂದು ಹಡಗು, ಖುಕ್ರಿ, ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಅಷ್ಟು ಹೊತ್ತಿಗೆ ಚಿಕ್ಕಪ್ಪನಿಗೆ ಎಚ್ಚರವೇ ಇರಲಿಲ್ಲ. 11ಕ್ಕೆ ತೀರಿಕೊಂಡರು. 16ಕ್ಕೆ ಯುದ್ಧ ಮುಗಿಯಿತು.

ಆಗ ಕಾಮಾಲೆಗೆ ಲಸಿಕೆ ಇರಲಿಲ್ಲ. ಕಾಮಾಲೆ ತರುವ ರೋಗಗಳಲ್ಲಿ ಒಂದಾದ ಹೆಪಟೈಟಿಸ್ ಬಿಗೆ ಲಸಿಕೆ ಬಂದದ್ದೇ 1980ರ ದಶಕದಲ್ಲಿ. ಅಜ್ಜಿಗೆ ಇದೆಲ್ಲ ಗೊತ್ತಿಲ್ಲ. "ನಾನು ಹತ್ತಿರ ಇದ್ದಿದ್ದರೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದೆ" ಅಂತ ಸಾಯುವವರೆಗೂ ಹೇಳುತ್ತಿದ್ದರು. ತೋಟದ ಬದಿಯಲ್ಲಿ ನೆಲನೆಲ್ಲಿ ಕಂಡರೆ ದಾಟಿ ನಡೆಯುತ್ತಿದ್ದರು, ತುಳಿಯುತ್ತಿರಲಿಲ್ಲ.

ಮೊದಲ ಕೃತಜ್ಞತೆ ಅಂದಿನ ನಮ್ಮ ಪೋಸ್ಟ್‌ಮ್ಯಾನ್‌ಗೆ. ನನಗೆ ಆಗ ಆರು ವರ್ಷ, ಆದರೂ ನೆನಪಿದೆ. ಅಂಗಳದ ತುಂಬ ಅಡಿಕೆ ಹರವಿತ್ತು. ಅವರು ಅಡಿಕೆ ತುಳಿಯದ ಹಾಗೆ ಅಂಚಿನಲ್ಲೇ ನಡೆದು ಬಂದು ಜಗಲಿಯಲ್ಲಿ ಕೂತರು. ಅಜ್ಜಿ ಎಂದಿನಂತೆ ಬೆಲ್ಲ ನೀರು ತಂದಿಟ್ಟರು. ಅವರು ನೀರಿನ ಚೊಂಬು ಮುಟ್ಟಿದರು, ಬೆಲ್ಲ ಮುಟ್ಟಲಿಲ್ಲ. ತಟ್ಟೆಯನ್ನು ಮೆಲ್ಲ ಆಚೆ ಸರಿಸಿದರು. ಟೆಲಿಗ್ರಾಂ ಜೇಬಿನಿಂದ ಹೊರಗೆ ಬರುವ ಮೊದಲೇ ಅಜ್ಜಿಗೆ ತಿಳಿಯಿತು. ಅಪ್ಪ ತೋಟದಿಂದ ಬರುವವರೆಗೂ ಅವರು ಎದ್ದು ಹೋಗಲಿಲ್ಲ. ಉಳಿದ ಮನೆಗಳ ಕಾಗದಗಳು ಆ ದಿನ ತಡವಾದವು. ಯಾರೂ ಕೇಳಲಿಲ್ಲ.

ಚಿಕ್ಕಪ್ಪನನ್ನು ಊರಿಗೆ ತರಲು ಆಗಲಿಲ್ಲ. ಕೊಂಕಣ ರೈಲು ಬಂದದ್ದು 1998ರಲ್ಲಿ. ಆಗ ಮುಂಬಯಿಯಿಂದ ನಮ್ಮ ಕಡೆಗೆ ನೇರ ದಾರಿ ಇರಲಿಲ್ಲ, ಅದರ ಮೇಲೆ ಯುದ್ಧ. ಸಂಸ್ಕಾರ ಅಲ್ಲೇ ಆಯಿತು. ಹಡಗು ತಿರುಗಿ ಬಂದ ಮೇಲೆ ಅವರ ಗೆಳೆಯರೊಬ್ಬರು ಅಸ್ಥಿಯ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಂಗಳೂರುವರೆಗೆ ಬಸ್ಸಿನಲ್ಲಿ, ಅಲ್ಲಿಂದ ಕಾಸರಗೋಡಿಗೆ ರೈಲಿನಲ್ಲಿ ಬಂದರು. ಪಯಸ್ವಿನಿ ಹೊಳೆಯಲ್ಲಿ ಬಿಟ್ಟೆವು. ಆ ಗೆಳೆಯರು ಕನ್ನಡದವರಲ್ಲ. ಹಾಗಿದ್ದೂ ಪ್ರತಿ ಡಿಸೆಂಬರಿನಲ್ಲಿ ಅಜ್ಜಿಗೆ ಒಂದು ಕಾಗದ ಬರೆದರು, 2003ರಲ್ಲಿ ಅಜ್ಜಿ ಹೋಗುವವರೆಗೂ. ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದವರು ಶಾಲೆಯ ಮಾಸ್ಟ್ರು. ಪೋಸ್ಟ್‌ಮ್ಯಾನ್, ಆ ಗೆಳೆಯರು, ಮಾಸ್ಟ್ರು, ಮೂವರೂ ಈಗಿಲ್ಲ. ಅವರ ಮಕ್ಕಳಿಗೆ ಈ ಮಾತು ತಲುಪಲಿ.

ಒಂದು ನೋವನ್ನೂ ಹೇಳಿಬಿಡುತ್ತೇನೆ. ಹಿಂದೊಮ್ಮೆ ಒಂದು ಕಾರ್ಯಕ್ರಮದಲ್ಲಿ ತೀರಿಹೋದ ಸೈನಿಕರ ಹೆಸರು ಓದಿದಾಗ ಚಿಕ್ಕಪ್ಪನ ಹೆಸರು ಇರಲಿಲ್ಲ. ಕೇಳಿದರೆ, "ಅವರಿಗೆ ಗುಂಡು ತಾಗಿದ್ದಲ್ಲ ಅಲ್ವಾ, ಕಾಯಿಲೆ ಅಲ್ವಾ" ಅಂದರು. ಅಜ್ಜಿ ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಚಿಕ್ಕಪ್ಪನ ಕೊನೆಯ ಇನ್‌ಲ್ಯಾಂಡ್ ಕಾಗದ ನನ್ನ ಹತ್ತಿರ ಇದೆ. ಅಕ್ಷರ ಕೆಳಕ್ಕೆ ಕೆಳಕ್ಕೆ ಜಾರಿವೆ. "ರಾತ್ರಿ ಊರಿಗೆ ಊರೇ ದೀಪ ಆರಿಸುತ್ತದೆ. ಹಡಗು ನನ್ನನ್ನು ಬಿಟ್ಟು ಹೋಯಿತಮ್ಮ. ಅಡಿಕೆ ಕೊಯ್ಲು ಎಲ್ಲಿಗೆ ಬಂತು?" ಎಂದಷ್ಟೇ ಇದೆ. ಯುದ್ಧಕ್ಕೆ ಹೊರಟವರನ್ನು ಕಾಯಿಲೆ ನಡುದಾರಿಯಲ್ಲಿ ಹಿಡಿಯಿತು. ನನ್ನ ಮಟ್ಟಿಗೆ ಅವರು ಆ ಹಡಗಿನವರೇ.

ಹಾಗಾಗಿ, ಹೇಗೆ ತೀರಿದರು ಎಂದು ಕೇಳದೆ ಕಪಾಟು, ಪುಸ್ತಕ, ಬೆಂಚು ಕೊಟ್ಟವರಿಗೆಲ್ಲ ನಾನು ಋಣಿ. ಗೋಡೆಗೆ ಸುಣ್ಣ ಬಳಿದ ಹುಡುಗರಿಗೆ, ಪಾಯಸಕ್ಕೆ ಐವತ್ತು ತೆಂಗಿನಕಾಯಿ ಕಳಿಸಿದ ನೆರೆಯ ಬ್ಯಾರಿ ಮನೆಯವರಿಗೆ, ಮಲಯಾಳ ವಿಭಾಗದ ಟೀಚರುಗಳಿಗೆ ಕೂಡ. ಏಳಿಮಲೆಯ ನೌಕಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ನಮ್ಮೂರಿನ ಹುಡುಗಿ ರಜೆ ಹಾಕಿ ಬಂದಿದ್ದಳು. ಬಿಳಿ ಸಮವಸ್ತ್ರದಲ್ಲಿ ಪಟದ ಮುಂದೆ ನಿಂತು ಸೆಲ್ಯೂಟ್ ಮಾಡಿದಳು. ನನ್ನ ಬಾಯಿ ಕಟ್ಟಿದ್ದು ಆಗಲೇ. ಮಗಳೇ, ನಿನಗೆ ಒಳ್ಳೆಯದಾಗಲಿ.

ಚಿಕ್ಕಪ್ಪನ ಕಬ್ಬಿಣದ ಟ್ರಂಕನ್ನು ಅದೇ ಕೋಣೆಯಲ್ಲಿ ಇಟ್ಟಿದ್ದೇವೆ. ಬೀಗ ಹಾಕಿಲ್ಲ. ಒಳಗಿರುವ ಬಿಳಿ ಟೋಪಿಯನ್ನು ಮಕ್ಕಳು ಒಬ್ಬರಾದ ಮೇಲೆ ಒಬ್ಬರು ತಲೆಗೆ ಇಟ್ಟುಕೊಂಡು ನೋಡುತ್ತಾರೆ, ಹಾಳಾದೀತು ಅಂತ ಟೀಚರಿಗೆ ಹೆದರಿಕೆ. ಇಟ್ಟುಕೊಳ್ಳಲಿ ಬಿಡಿ ಅಂತ ಹೇಳಿ ಬಂದಿದ್ದೇನೆ.