ನಿನ್ನ ಕೋಣೆಯ ಗೆಳತಿಗೆ ನಾನು ಹೇಳಿದ್ದು

ದಾವಣಗೆರೆ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಅಷ್ಟು ಜೋರಾಗಿ ಮಾತನಾಡಿದ್ದನ್ನು ಅಪ್ಪನಿಗೆ ಹೇಳಿಲ್ಲ. "ಪುಣೆಗೆ ಬಂದು ತಿಂಗಳಾಗಿಲ್ಲ, ಆಗಲೇ ನನ್ನನ್ನು ರೋಗಿ ಮಾಡಿಬಿಟ್ಟೆಯಲ್ಲಮ್ಮ" ಎಂದೆ. ನಿನ್ನನ್ನು ಕೇಳದೆ ಆ ಹುಬ್ಬಳ್ಳಿಯ ಹುಡುಗಿಗೆ ಫೋನ್ ಮಾಡಿದ್ದರಿಂದ ನಿನಗೆ ಅವಮಾನವಾಗಿದ್ದರೆ ಕ್ಷಮಿಸು. ಆದರೆ ಮಾಡಬಾರದ್ದನ್ನು ಮಾಡಿದೆ ಎಂದು ಹೇಳಲು ಮಾತ್ರ ನನಗೆ ಬಾಯಿ ಬರುವುದಿಲ್ಲ.

ಅವಳಿಗೆ ಹೇಳಿದ್ದು ಇಷ್ಟು. ಎಲ್ಲರ ಮಿದುಳಿನಲ್ಲೂ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಹುಟ್ಟುತ್ತದೆ, ಮತ್ತೆ ರಕ್ತಕ್ಕೆ ಸೇರಿಹೋಗುತ್ತದೆ. ನನ್ನ ಮಗಳಿಗೆ ಅದು ಹರಿಯುವ ದಾರಿ ಹುಟ್ಟಿನಿಂದಲೇ ಕಿರಿದು. ಅದಕ್ಕೇ ಶಂಟ್ ಹಾಕಿದ್ದಾರೆ: ಬಲಗಿವಿಯ ಹಿಂದೆ ಚರ್ಮದಡಿ ಒಂದು ವಾಲ್ವ್, ಅಲ್ಲಿಂದ ಕತ್ತು, ಎದೆ ದಾಟಿ ಹೊಟ್ಟೆಯೊಳಗೆ ಇಳಿಯುವ ಸಣ್ಣ ಕೊಳವೆ. ಒತ್ತಡ ಏರಿದರೆ ತಾನೇ ತೆರೆದುಕೊಳ್ಳುವ ನಾಲೆಯ ತೂಬು ಎಂದುಕೋ. ಓಡಾಟಕ್ಕೂ ಕೆಲಸಕ್ಕೂ ಅಡ್ಡಿಯಿಲ್ಲ. ಆದರೆ ಕೊಳವೆ ಕಟ್ಟಿಕೊಂಡರೆ ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಮಂಪರು. ಅದನ್ನು ನಿದ್ದೆ ಎಂದುಕೊಂಡು ಸುಮ್ಮನಿರಬೇಡಮ್ಮ, ನ್ಯೂರೋ ಸರ್ಜನ್ ಇರುವ ಆಸ್ಪತ್ರೆಗೆ ತಕ್ಷಣ ಕರೆದುಕೊಂಡು ಹೋಗು ಎಂದೆ.

ಆಪರೇಷನ್‌ಗಳು, ಬೆಂಗಳೂರಿಗೆ ಅಲೆದದ್ದು, ಜಡೆ ಬೋಳಿಸಿದಾಗ ನೀನು ಅತ್ತದ್ದು, ಇವೆಲ್ಲ ನಿನಗೂ ನೆನಪಿದೆ. ನಿನಗೆ ನೆನಪಿಲ್ಲದ್ದು ದುರ್ಗಮ್ಮನ ಜಾತ್ರೆಯ ಆ ಒಂದು ದಿನ. ಮನೆ ತುಂಬ ನೆಂಟರು. ನೀನು ಬೆಳಿಗ್ಗೆ ಎದ್ದವಳೇ ತಲೆ ಹಿಡಿದುಕೊಂಡು ಕುಳಿತೆ, ವಾಂತಿ ಮಾಡಿಕೊಂಡೆ, ಮತ್ತೆ ಹೋಗಿ ಮಲಗಿದೆ. ಪಿಯುಸಿ ಪರೀಕ್ಷೆ ಹತ್ತಿರವಿತ್ತು. "ರಾತ್ರಿಯೆಲ್ಲ ಓದಿದ್ದಾಳೆ, ಪಿತ್ತ ಕೆದರಿದೆ, ಮಲಗಲಿ ಬಿಡು" ಎಂದರು ನಿನ್ನ ಸೋದರತ್ತೆ. ನನಗೆ ಮನಸ್ಸು ತಡೆಯಲಿಲ್ಲ. ಒಲೆ ಆರಿಸಿ ಬಂದು "ಇವತ್ತು ಯಾವ ವಾರ?" ಎಂದು ಕೇಳಿದೆ. ಕಣ್ಣು ಬಿಡದೆ "ನನಗೆ ಚಹಾ ಬೇಡ" ಎಂದೆ. ಮತ್ತೆ ಕೇಳಿದೆ. "ಚಹಾ ಬೇಡ." ಇನ್ನೊಮ್ಮೆ ಕೇಳಿದಾಗ ತುಟಿ ಅಲುಗಿತು, ಮಾತು ಬರಲಿಲ್ಲ. ಆಟೊದಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲೆ. ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅಪ್ಪ ಇಳಿದು ದಾರಿ ಬಿಡಿಸುತ್ತ ಮುಂದೆ ಓಡುತ್ತಿದ್ದರು. ನಾನು ನಿನ್ನ ಕೆನ್ನೆ ತಟ್ಟುತ್ತ ಸೋಮವಾರ, ಮಂಗಳವಾರ, ಬುಧವಾರ ಎಂದು ಹೇಳುತ್ತಲೇ ಇದ್ದೆ, ಒಂದಕ್ಕಾದರೂ ಹೂಂ ಎನ್ನಲಿ ಎಂದು. ವೈದ್ಯರು ಹಳೆಯ ಸಿ.ಟಿ. ಫಿಲ್ಮಿನ ಪಕ್ಕ ಹೊಸದನ್ನು ಹಿಡಿದು ನೋಡಿದವರೇ ಆಪರೇಷನ್‌ಗೆ ಸಿದ್ಧ ಮಾಡಿ ಎಂದರು. ಮರುದಿನ ಕಣ್ಣು ಬಿಟ್ಟು ನೀನು ಮೊದಲು ಕೇಳಿದ್ದು ಚಹಾ.

ಇಲ್ಲಿದ್ದಾಗ ರಾತ್ರಿ ಬಂದು ಎಬ್ಬಿಸುತ್ತೇನೆ ಎಂದು ಸಿಡುಕುತ್ತಿದ್ದೆ. ಅಲ್ಲಿ ನಿನ್ನನ್ನು ಎಬ್ಬಿಸುವವರು ಯಾರು, ಹೇಳು?

ನಿನ್ನ ಧೈರ್ಯದ ಮೇಲೆ ನನಗೆ ಅನುಮಾನವಿಲ್ಲ. ಹೋದ ವರ್ಷ ಎಂ.ಆರ್.ಐ. ಮುಗಿದ ಮೇಲೆ ಮನೆಗೆ ಹೋಗಿ ಎಂದಾಗ, "ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯಬೇಕು ಎಂಬ ಸೆಟ್ಟಿಂಗ್ ಈ ಯಂತ್ರದ ಅಯಸ್ಕಾಂತಕ್ಕೆ ಬದಲಾಗಿರಬಹುದು, ನೋಡಿಯೇ ಕಳುಹಿಸಿ" ಎಂದು ಪಟ್ಟು ಹಿಡಿದು ಕುಳಿತವಳು ನೀನು. ಆ ಮಾತನ್ನು ನಾನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಆದರೂ ಕೇಳು. ವಾಲ್ವಿನ ಕಾರ್ಡ್ ಪರ್ಸಿನಲ್ಲಿರಲಿ, ಕೊನೆಯ ಸಿ.ಟಿ.ಯ ಫೋಟೊ ಮೊಬೈಲಿನಲ್ಲಿರಲಿ. ಮೊಬೈಲನ್ನು ಎಡಗಿವಿಗೇ ಹಿಡಿ. ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್ ಬೇಡ, ಅದರಲ್ಲೂ ಅಯಸ್ಕಾಂತವಿದೆ. ಜ್ವರ ಬಂದರೆ, ಕೊಳವೆಯ ಗುಂಟ ಚರ್ಮ ಕೆಂಪಾದರೆ ನಾಳೆ ನೋಡೋಣ ಎನ್ನಬೇಡ. ಎದ್ದು ಕುಳಿತಾಗ ತಲೆ ನೋಯುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ ಎಂದಾದರೆ ನೀರು ಹೆಚ್ಚು ಇಳಿಯುತ್ತಿರಬಹುದು, ಅದನ್ನೂ ವೈದ್ಯರಿಗೆ ಹೇಳು. ಮಾತ್ರೆ ನುಂಗಿ ನೋವು ಅಡಗಿಸಿಕೊಂಡು ಕಚೇರಿಗೆ ಓಡಬೇಡ. ಕೆಲಸ ಇನ್ನೊಂದು ಸಿಗುತ್ತದೆ.

ಕಚೇರಿಯಲ್ಲಿ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ನಿನಗೆ ಬಿಟ್ಟದ್ದು. ಅಲ್ಲಿಗೆ ನಾನು ಫೋನ್ ಮಾಡುವುದಿಲ್ಲ. ಕೋಣೆಯಲ್ಲಿ ಒಬ್ಬರಿಗೆ ಗೊತ್ತಿರಲೇಬೇಕು, ಅದರಲ್ಲಿ ಚೌಕಾಶಿಯಿಲ್ಲ. ಸಿಟ್ಟು ಇಳಿಯುವವರೆಗೆ ನನ್ನೊಡನೆ ಮಾತನಾಡದಿದ್ದರೂ ಚಿಂತೆಯಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅಪ್ಪನ ಮೊಬೈಲಿಗಾದರೂ "ಎದ್ದೆ" ಎಂದು ಒಂದು ಸಂದೇಶ ಹಾಕು.

ನಿನ್ನ ಅಮ್ಮ