ಶೋನ್‌ಬರ್ಗ್ ಕೈಬರಹ ಸುಟ್ಟಿಲ್ಲ

ಮಾನ್ಯ ಸಂಪಾದಕರೇ,

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ‘ಶೋನ್‌ಬರ್ಗ್ ಸಂಗೀತವೆಲ್ಲ ಬೂದಿಯಾಯಿತು’ ಎಂಬ ಮಾತು ಹಬ್ಬಿತು. ಶೋನ್‌ಬರ್ಗ್ ಪಾಶ್ಚಾತ್ಯ ಸಂಗೀತದ ಹೆಸರಾಂತ ರಚನಕಾರರು. ಈಗಲೂ ಹಾಗೇ ನಂಬಿರುವವರು ಸಿಗುತ್ತಾರೆ. ಮೊನ್ನೆ ನನ್ನ ಹಳೆಯ ಶಿಷ್ಯೆಯೊಬ್ಬಳು ಫೋನಿನಲ್ಲಿ ಅದನ್ನೇ ಹೇಳಿ ಮರುಗಿದಳು. ಅದು ಪೂರ್ತಿ ನಿಜವಲ್ಲ. ನಾನು ಮೂವತ್ತು ವರ್ಷ ಪಿಟೀಲು ಕಲಿಸಿದವಳು. ಸದ್ಯ ವಿಯೆನ್ನಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಅರ್ನಾಲ್ಡ್ ಶೋನ್‌ಬರ್ಗ್ ಅವರ ಕಾಗದಗಳು ಇರುವುದು ಇದೇ ಊರಿನಲ್ಲಿ. ಹೋಗಿ ನೋಡಿ ಬಂದಿದ್ದೇನೆ.

ಸುಟ್ಟದ್ದು ಅವರ ಸಂಗೀತವನ್ನು ಅಚ್ಚು ಹಾಕುವ ಬೆಲ್ಮಾಂಟ್ ಎಂಬ ಪ್ರಕಾಶನದ ದಾಸ್ತಾನು. ಜರ್ಮನ್ ಭಾಷೆಯಲ್ಲಿ ಶೋನ್‌ಬರ್ಗ್ ಎಂದರೆ ‘ಚೆಲುವಾದ ಬೆಟ್ಟ’. ಬೆಲ್ಮಾಂಟ್ ಅದರದೇ ಫ್ರೆಂಚ್ ರೂಪ. ವಾದ್ಯವೃಂದಗಳಿಗೆ ಬಾಡಿಗೆಗೆ ಕೊಡುತ್ತಿದ್ದ, ಮಾರುತ್ತಿದ್ದ ಅಚ್ಚಿನ ಪ್ರತಿಗಳು, ಸುಮಾರು ಒಂದು ಲಕ್ಷ, ಅಲ್ಲಿದ್ದವು. ಕುಟುಂಬದವರು ಇಟ್ಟುಕೊಂಡಿದ್ದ ಕೆಲವು ಪತ್ರ, ಫೋಟೊಗಳೂ ಹೋದವು. ಅದು ಸಣ್ಣ ನಷ್ಟ ಅಲ್ಲ. ಮುಂದೆ ನುಡಿಸುವ ಹಾಳೆಯೇ ಇಲ್ಲದಿದ್ದರೆ ಕಛೇರಿ ಹೇಗೆ ನಡೆಯಬೇಕು? ಆದರೆ ಅವರ ಕೈಬರಹಗಳು ಅಲ್ಲಿರಲಿಲ್ಲ.

ಅವು ಇಲ್ಲಿಗೆ ಬಂದ ದಾರಿ ದೊಡ್ಡದು. ಶೋನ್‌ಬರ್ಗ್ 1874ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಬರ್ಲಿನ್ನಿನ ಕೆಲಸ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು. ಅವರು ತೀರಿಕೊಂಡ ಮೇಲೆ ಮನೆಯವರು ಕಾಗದಗಳನ್ನು ಲಾಸ್ ಏಂಜಲೀಸ್‌ನ ಒಂದು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅವಕ್ಕೆಂದೇ ಕಟ್ಟಡವೂ ಎದ್ದಿತು. ಮುಂದೆ ಆ ಕಟ್ಟಡವನ್ನು ಬೇರೆ ಕೆಲಸಕ್ಕೂ ಬಳಸಬಹುದೇ ಎಂದು ವಿಶ್ವವಿದ್ಯಾಲಯಕ್ಕೂ ಅವರ ಮಕ್ಕಳಿಗೂ ಎದ್ದ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತು. ಕೊನೆಗೆ 1998ರಲ್ಲಿ ಎಲ್ಲವೂ ವಿಯೆನ್ನಾಕ್ಕೆ ಬಂತು. ಮಕ್ಕಳು ಅಂದು ಹಟ ಹಿಡಿದದ್ದು ಸರಿಯೆಂದೇ ನಾನು ಹೇಳುತ್ತೇನೆ.

ಈ ಕಾಗದಗಳನ್ನು ಇಟ್ಟಿರುವ, ಇಲ್ಲಿನ ಶ್ವಾರ್ಟ್ಸೆನ್‌ಬರ್ಗ್ ಚೌಕದ ಶೋನ್‌ಬರ್ಗ್ ಕೇಂದ್ರದಲ್ಲಿ ಅವರ ಅಮೆರಿಕದ ಮನೆಯ ಓದುಕೋಣೆಯನ್ನು ಹಾಗೇ ಮತ್ತೆ ಜೋಡಿಸಿದ್ದಾರೆ. ಎಷ್ಟೋ ಸಾಮಾನು ಅವರೇ ಮಾಡಿಕೊಂಡದ್ದು. ಸ್ವರ ಬರೆಯಲು ಬೇಕಾದ ಐದು ಗೆರೆಗಳನ್ನು ಒಟ್ಟಿಗೆ ಎಳೆಯುವ ಲೇಖನಿಯನ್ನೂ ತಾವೇ ತಯಾರಿಸಿಕೊಂಡಿದ್ದರು. ಇಸ್ಪೀಟು ಎಲೆಗಳಿಗೆ ಚಿತ್ರ ಬರೆದರು, ನಾಲ್ಕು ಜನ ಆಡುವ ಚದುರಂಗ ಕಟ್ಟಿದರು. ಮಗನ ಟೆನಿಸ್ ಆಟವನ್ನು ಗುರುತು ಮಾಡಿಕೊಳ್ಳಲು ಒಂದು ಸಂಕೇತ ಲಿಪಿ ಬೇರೆ!

ಸ್ವರಸಾಲಿನ ಪಟ್ಟಿಗಳ ಮುಂದೆ ಮಾತ್ರ ನಾನು ಜಾಸ್ತಿ ಹೊತ್ತು ನಿಂತೆ. ಹನ್ನೆರಡು ಸ್ವರಸ್ಥಾನಗಳನ್ನೂ ಒಂದು ಸಾಲಿನಲ್ಲಿ ಕೂರಿಸುವುದು, ಒಂದೊಂದೂ ಒಂದೇ ಸಲ. ಆ ಸಾಲನ್ನೇ ತಿರುಗಿಸಿ, ಬೋರಲು ಹಾಕಿ ಇಡೀ ಕೃತಿ ಕಟ್ಟುವುದು. ಅದು ಅವರ ಕ್ರಮ. ಷಡ್ಜಕ್ಕೆ ಮರಳುವುದೇ ಸಂಗೀತ ಎಂದು ಬೆಳೆದ ನನಗೆ ಅದು ಬರೀ ಲೆಕ್ಕ ಅನ್ನಿಸುತ್ತಿತ್ತು. ರಟ್ಟಿನ ಪಟ್ಟಿ ಕತ್ತರಿಸಿ, ಜಾರಿಸಿ ಜಾರಿಸಿ ಸಾಲು ಹುಡುಕಿದ ಗುರುತು ಕಂಡಾಗ ಆ ಅನಿಸಿಕೆ ಹೋಯಿತು. ಅದು ಹುಡುಕುವ ಕೈ. ಅಚ್ಚಾದ ಪುಸ್ತಕದಲ್ಲಿ ಆ ಕೈ ಕಾಣುವುದಿಲ್ಲ ಅಲ್ವಾ?

ಮನಸ್ಸು ಕಲಕಿದ್ದು 1945ರ ಒಂದು ಪತ್ರ. ಎಪ್ಪತ್ತಕ್ಕೆ ನಿವೃತ್ತಿಯಾದ ಅವರಿಗೆ ಬರುತ್ತಿದ್ದ ಪಿಂಚಣಿ ತಿಂಗಳಿಗೆ 38 ಡಾಲರ್. ಮನೆಯಲ್ಲಿ ಮೂವರು ಸಣ್ಣ ಮಕ್ಕಳು. ‘ಮೋಸೆಸ್ ಉಂಡ್ ಆರೋನ್’ ಎಂಬ ಗೀತನಾಟಕ ಮುಗಿಸಲು ನೆರವು ಕೊಡಿ ಎಂದು ಗುಗನ್‌ಹೈಮ್ ಪ್ರತಿಷ್ಠಾನಕ್ಕೆ ಬರೆದರು. ಕೊಡಲಿಲ್ಲ. ಮೂರನೆಯ ಅಂಕಕ್ಕೆ ಸಂಗೀತ ಕೊನೆಗೂ ಕೂಡಿಬರಲಿಲ್ಲ. ಆ ಮೂವರಲ್ಲಿ ಕೊನೆಯ ಹುಡುಗ ಆಗ ಸುಮಾರು ನಾಲ್ಕು ವರ್ಷದವನು. ಎಂಬತ್ತು ವರ್ಷದ ಮೇಲೆ ಬೆಂಕಿಗೆ ಸಿಕ್ಕಿದ್ದು ಆ ಕೊನೆಯ ಮಗನ ಮನೆ. ಬೆಲ್ಮಾಂಟ್ ನೋಡಿಕೊಳ್ಳುತ್ತಿದ್ದವರೂ ಅವರೇ.

ಈ ಸಂಗ್ರಹವನ್ನು ಯುನೆಸ್ಕೊ 2011ರಲ್ಲಿ ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿದೆ. ಸಂಗೀತ, ಬರಹ ಎಲ್ಲ ಸೇರಿ ಸುಮಾರು 20,000 ಕೈಬರಹದ ಪುಟಗಳಿವೆ. ಕೇಂದ್ರದ ಜಾಲತಾಣದಲ್ಲಿ ಇವನ್ನು ಮನೆಯಿಂದಲೇ, ಕಾಸು ಕೊಡದೆ ನೋಡಬಹುದು. ಶಿಷ್ಯೆಗೂ ಕಳಿಸಿಕೊಟ್ಟೆ. ರಾತ್ರಿಯೇ ಕೇಳಿದಳು: “ಮೇಡಂ, ಇಲ್ಲಿ ಆವರ್ತಗಳ ಸಂಖ್ಯೆ 12 ಆದಮೇಲೆ 12ಎ ಅಂತ ಇದೆ. ತಪ್ಪು ಬರೆದಿದ್ದಾರಾ?” ತಪ್ಪಲ್ಲ. ಅವರಿಗೆ ಹದಿಮೂರು ಎಂದರೆ ಭಯ. ಸುಮ್ನೆ ಮಾತಿನ ಭಯ ಅಲ್ಲ. ಜರ್ಮನ್ ಲಿಪಿಯಲ್ಲಿ ಹದಿಮೂರು ಅಕ್ಷರ ಆಗಬಾರದೆಂದೇ ಆ ಗೀತನಾಟಕದ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟರು ಎನ್ನುತ್ತಾರೆ. ಹುಟ್ಟಿದ್ದು 13ನೇ ತಾರೀಕು. ತೀರಿಕೊಂಡದ್ದು 1951ರ ಜುಲೈ 13, ಶುಕ್ರವಾರ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೆ. ಆ ಬೆಂಕಿಯ ವಿಷಯ ಮತ್ತೆ ಬರೆಯುವಾಗ ಅಚ್ಚಿನ ಪ್ರತಿ ಯಾವುದು, ಕೈಬರಹ ಯಾವುದು ಎಂದು ಬಿಡಿಸಿ ಬರೆಯಿರಿ. ಆ ಪುಟಗಳನ್ನು ಯಾರು ಬೇಕಾದರೂ ನೋಡಬಹುದು ಎಂಬ ಒಂದು ಸಾಲನ್ನೂ ಜೊತೆಗೆ ಹಾಕಿ. ಸಂಗೀತ ಕಲಿಯುವ ಮಕ್ಕಳು ಮೊದಲು ಆ ರಟ್ಟಿನ ಪಟ್ಟಿಗಳನ್ನು ನೋಡಲಿ.

ಇತಿ,
ನಿವೃತ್ತ ಪಿಟೀಲು ಶಿಕ್ಷಕಿ, ವಿಯೆನ್ನಾ