ಎಣ್ಣೆಗೆ ಹೆದರಿ ಹಸಿದು ಮಲಗುವ ಗೆಳೆಯನಿಗೆ

ಗೆಳೆಯಾ,

ನಿನ್ನ ಮೆಸೇಜ್ ಓದಿ ಎರಡು ದಿನ ಸುಮ್ಮನಿದ್ದೆ. ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುವ ವಿಷಯ ಇದಲ್ಲ ಅನ್ನಿಸಿತು, ಅದಕ್ಕೇ ಪತ್ರ. ಆರು ವಾರದಿಂದ ಎಣ್ಣೆ ಮುಟ್ಟಿಲ್ಲ, ಬೆಣ್ಣೆ ಮುಟ್ಟಿಲ್ಲ, ಮೊಟ್ಟೆಯ ಹಳದಿ ತೆಗೆದಿಟ್ಟು ಬರೀ ಬಿಳಿ ಭಾಗ ತಿನ್ನುತ್ತಿದ್ದೇನೆ, ಬೆಳಿಗ್ಗೆ ಒಣ ಬ್ರೆಡ್ಡು, ಸಂಜೆಗೆ 'ಫ್ಯಾಟ್ ಫ್ರೀ' ಬಿಸ್ಕತ್ತು, ಆದರೂ ರಾತ್ರಿ ಹನ್ನೊಂದಕ್ಕೆ ಎದ್ದು ಅಡುಗೆಮನೆಯ ಡಬ್ಬಿಗಳನ್ನು ತಡಕುತ್ತೇನೆ ಅಂತ ಬರೆದಿದ್ದೀಯ. ಇಳಿದ ಮೂರು ಕೆಜಿಯಲ್ಲಿ ಎರಡು ಕೆಜಿ ವಾಪಸ್ ಬಂದಿದೆ. ಕೊನೆಗೆ 'ನನ್ನ ಮನಸ್ಸೇ ಗಟ್ಟಿ ಇಲ್ಲ' ಅಂತ ಒಂದು ಸಾಲು. ಅದನ್ನು ಓದಿ ತುಂಬಾ ಬೇಜಾರಾಯಿತು ಕಣೋ.

ಆರು ವಾರ ಹಸಿವು ತಡೆದವನ ಮನಸ್ಸು ಗಟ್ಟಿ ಇಲ್ಲ ಅಂದರೆ ಇನ್ಯಾರದ್ದು ಗಟ್ಟಿ? ನಿನ್ನ ತಟ್ಟೆಯಲ್ಲಿ ಹಸಿವು ಇಂಗಿಸುವಂಥದ್ದು ಏನೂ ಇಲ್ಲ, ಅಷ್ಟೇ. ತಪ್ಪು ತಟ್ಟೆಯದ್ದು.

ನಾನೂ ಒಂದು ವರ್ಷ ಹೀಗೇ ಕಳೆದಿದ್ದೇನೆ, ಆಗ ಯಾರಿಗೂ ಹೇಳಿರಲಿಲ್ಲ. ಅಂಗಡಿಗೆ ಹೋದರೆ ಪ್ಯಾಕೆಟ್ ತಿರುಗಿಸಿ ಕೊಬ್ಬು ಎಷ್ಟು ಅಂತ ಮಾತ್ರ ನೋಡುತ್ತಿದ್ದೆ. ಕಡಿಮೆ ಇದ್ದರೆ ಬುಟ್ಟಿಗೆ. ಒಂದು ದಿನ ಕೊಬ್ಬು ತೆಗೆದ ಹಣ್ಣಿನ ಮೊಸರಿನ ಕಪ್ಪು ಕೈಯಲ್ಲಿತ್ತು, ಯಾಕೋ ಪಕ್ಕದ ಸಾಲು ಓದಿದೆ. ಸಕ್ಕರೆ ಆ ಪಟ್ಟಿಯಲ್ಲಿ ಎರಡನೇ ಹೆಸರು! ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ, ನಿನಗೆ ಗೊತ್ತಲ್ವಾ. ಅದು ಹೊಸ ಸಂಗತಿಯೇನೂ ಅಲ್ಲ. ಆಹಾರದಿಂದ ಜಿಡ್ಡು ತೆಗೆದರೆ ರುಚಿ ಹೋಗುತ್ತದೆ, ಮೃದುತನವೂ ಹೋಗುತ್ತದೆ. ಅದನ್ನು ತುಂಬಿಕೊಡಲು ಸಕ್ಕರೆ, ಪಿಷ್ಟ, ಗಟ್ಟಿ ಮಾಡುವ ಪುಡಿಗಳನ್ನು ಸೇರಿಸುತ್ತಾರೆ. ಹೊರಗೆ 'ಕೊಬ್ಬಿಲ್ಲ' ಅಂತ ದೊಡ್ಡಕ್ಷರದಲ್ಲಿ ಬರೆದಿರುವುದು ಸುಳ್ಳಲ್ಲ. ಆದರೆ ಕೊಬ್ಬಿನ ಜಾಗಕ್ಕೆ ಬಂದು ಕೂತದ್ದು ಯಾವುದು ಅಂತ ಆ ದೊಡ್ಡಕ್ಷರ ಹೇಳುವುದಿಲ್ಲ.

ಎಣ್ಣೆಯ ಭಯ ಎಲ್ಲಿಂದ ಬಂತು ಅನ್ನುವುದೂ ಅರ್ಥವಾಗುವಂಥದ್ದೇ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಪ್ರೊಟೀನಿನಲ್ಲೋ ಪಿಷ್ಟದಲ್ಲೋ 4. ಕಾಗದದ ಮೇಲೆ ನೋಡಿದರೆ ಕೊಬ್ಬು ಬಿಟ್ಟವನೇ ಜಾಣ. ಆದರೆ ನಾವು ಗ್ರಾಂ ಲೆಕ್ಕದಲ್ಲಿ ಹಸಿಯುವುದಿಲ್ಲ. ಒಂದು ಊಟ ಆದ ಮೇಲೆ ಮುಂದಿನ ಊಟದವರೆಗೆ ನೆಮ್ಮದಿಯಾಗಿ ಇರುತ್ತೇವಾ, ಅಥವಾ ಒಂದೂವರೆ ಗಂಟೆಗೇ ಕೈ ಬಿಸ್ಕತ್ತಿನ ಕಡೆ ಹೋಗುತ್ತದಾ ಅನ್ನುವುದನ್ನು ಆ 9 ಮತ್ತು 4 ಹೇಳುವುದಿಲ್ಲ.

ಇಲ್ಲಿ ನಿನಗೆ ಒಂದು ಪ್ರಯೋಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನ ಯೋಚನೆ ಬದಲಾದದ್ದೇ ಇದರಿಂದ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರನ್ನು ನಾಲ್ಕು ವಾರ ಸಂಶೋಧನಾ ಕೇಂದ್ರದಲ್ಲೇ ಇರಿಸಿಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ಬಹಳ ಸಂಸ್ಕರಿಸಿದ ಊಟ, ಇನ್ನೆರಡು ವಾರ ಸಂಸ್ಕರಿಸದ ಮಾಮೂಲಿ ಪದಾರ್ಥಗಳಿಂದ ಮಾಡಿದ ಊಟ. ಕೆಲವರಿಗೆ ಇದು ಮೊದಲು, ಕೆಲವರಿಗೆ ಅದು ಮೊದಲು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಕೊಬ್ಬು, ಸಕ್ಕರೆ, ನಾರು, ಉಪ್ಪು ಎರಡು ಕಡೆಯೂ ಸರಿಸಮ ಇರುವಂತೆ ನೋಡಿಕೊಂಡಿದ್ದರು. ಎಷ್ಟು ಬೇಕಾದರೂ ತಿನ್ನಿ, ಎಷ್ಟು ಬೇಕಾದರೂ ಬಿಡಿ ಅಂದರು. 2019ರಲ್ಲಿ ಫಲಿತಾಂಶ ಬಂತು. ಸಂಸ್ಕರಿಸಿದ ಊಟದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದಿದ್ದರು, ಸುಮಾರು 0.9 ಕೆಜಿ ಏರಿದ್ದರು. ಇನ್ನೊಂದು ಊಟದಲ್ಲಿ ಅಷ್ಟೇ ತೂಕ ಇಳಿದಿದ್ದರು. ಉಪವಾಸ ಇಲ್ಲ, ತಡೆದುಕೊಳ್ಳುವುದು ಇಲ್ಲ. ಅದೇ ಜನ, ಅದೇ ಮನಸ್ಸು ಕಣೋ! ಬದಲಾದದ್ದು ತಟ್ಟೆ ಮಾತ್ರ. ನೀನು ನಿನ್ನನ್ನೇ ಬೈದುಕೊಳ್ಳುವಾಗಲೆಲ್ಲ ಈ ಇಪ್ಪತ್ತು ಜನರನ್ನು ನೆನಪು ಮಾಡಿಕೋ.

ಸಂಸ್ಕರಿಸಿದ ಊಟವನ್ನು ಅವರು ಬೇಗ ಬೇಗನೆ ತಿಂದಿದ್ದರು ಅನ್ನುವುದೂ ಅಲ್ಲಿ ಕಂಡ ಸಂಗತಿ. ಇದು ಸಣ್ಣದಲ್ಲ. 1977ರಷ್ಟು ಹಿಂದೆಯೇ ಸೇಬು ಇಟ್ಟುಕೊಂಡು ಒಂದು ಸಣ್ಣ ಪರೀಕ್ಷೆ ಮಾಡಿದ್ದರು. ಇಡೀ ಸೇಬು, ಅರೆದ ಸೇಬು, ಸೇಬಿನ ರಸ. ರಸವನ್ನು ಇಡೀ ಸೇಬಿಗಿಂತ ಹನ್ನೊಂದು ಪಟ್ಟು ಬೇಗ ಮುಗಿಸಬಹುದಿತ್ತು. ಹೊಟ್ಟೆ ತುಂಬಿದ ಅನುಭವ ಇಡೀ ಸೇಬಿಗೇ ಜಾಸ್ತಿ, ರಸಕ್ಕೆ ಎಲ್ಲಕ್ಕಿಂತ ಕಡಿಮೆ. ಹಣ್ಣು ಅದೇ ತಾನೇ? ಆದರೆ ಅಗಿಯುವ ಕೆಲಸ ಹೋಯಿತು, ನಾರು ಹೋಯಿತು, ಸಾಕು ಅಂತ ಹೊಟ್ಟೆ ಹೇಳುವ ಮೊದಲೇ ಲೋಟ ಖಾಲಿ. ನೀನು ಬೆಳಿಗ್ಗೆ ಕುಡಿಯುವ ಆ ಜ್ಯೂಸ್ ಬಿಡು ಅಂತ ನಾನು ಹೇಳುವುದು ಇದಕ್ಕೇ. ಹಣ್ಣನ್ನೇ ತಿನ್ನು.

ಬಾದಾಮಿಯ ಕಥೆ ಇನ್ನೂ ಚೆನ್ನಾಗಿದೆ. 28 ಗ್ರಾಂ ಬಾದಾಮಿಯಲ್ಲಿ ಸುಮಾರು 170 ಕ್ಯಾಲೊರಿ ಅಂತ ಪಟ್ಟಿಗಳಲ್ಲಿ ಬರೆದಿರುತ್ತದೆ. ಜನರಿಗೆ ನಿಜವಾಗಿ ತಿನ್ನಿಸಿ, ಜೀರ್ಣವಾಗದೆ ಹೊರಗೆ ಹೋದದ್ದನ್ನೂ ಅಳೆದು ನೋಡಿದಾಗ ದೇಹಕ್ಕೆ ದಕ್ಕಿದ್ದು ಸುಮಾರು 129 ಮಾತ್ರ ಅಂತ ಗೊತ್ತಾಯಿತು. ಬೀಜದ ಜೀವಕೋಶಗಳ ಗೋಡೆ ಪೂರ್ತಿ ಒಡೆಯುವುದಿಲ್ಲ, ಒಳಗಿನ ಎಣ್ಣೆಯ ಒಂದು ಪಾಲು ಹಾಗೇ ದಾಟಿ ಹೋಗುತ್ತದೆ. ಅದನ್ನೇ ನುಣ್ಣಗೆ ರುಬ್ಬಿದರೆ ಆ ಗೋಡೆ ಒಡೆಯುತ್ತದೆ, ದೇಹಕ್ಕೆ ಹೆಚ್ಚು ಸಿಗುತ್ತದೆ. ಇದ್ದ ರೂಪದಲ್ಲೇ ತಿನ್ನು ಅಂತ ನಾನು ಪದೇ ಪದೇ ಹೇಳುವುದರ ಹಿಂದೆ ಇಂಥ ಕಾರಣಗಳಿವೆ. ಹಳೆಯದೆಲ್ಲ ಒಳ್ಳೆಯದು ಅನ್ನುವ ಮೋಹ ಅಲ್ಲ.

ಈಗ ಕೊಬ್ಬಿಗೆ ಬರೋಣ. ಕೊಬ್ಬು ಸಣ್ಣ ಕರುಳಿಗೆ ಇಳಿದಾಗ ಕೋಲಿಸಿಸ್ಟೋಕೈನಿನ್ ಅನ್ನುವ ಹಾರ್ಮೋನು ಹೊರಬರುತ್ತದೆ. ಹೆಸರು ಉದ್ದ, ಕೆಲಸ ಸರಳ. ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಸಾಕು ಅಂತ ಮೆದುಳಿಗೆ ಸುದ್ದಿ ಕಳಿಸುತ್ತದೆ, ಪಿತ್ತಕೋಶ ಕುಗ್ಗಿ ಪಿತ್ತರಸ ಬಿಡುವಂತೆ ಮಾಡುತ್ತದೆ. ಈ ಕೊನೆಯದನ್ನು ಗಮನಿಸು. ಕೊಬ್ಬೇ ಇಲ್ಲದ ಊಟ ಮಾಡಿ ತೀರಾ ಬೇಗ ತೂಕ ಇಳಿಸುವವರಲ್ಲಿ ಪಿತ್ತಕೋಶದ ಕಲ್ಲು ಜಾಸ್ತಿ ಕಾಣಿಸುತ್ತದೆ. ಪಿತ್ತಕೋಶಕ್ಕೆ ಕೆಲಸವೇ ಇರುವುದಿಲ್ಲ, ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ಇನ್ನು ಎ, ಡಿ, ಇ, ಕೆ ವಿಟಮಿನ್‌ಗಳು ಜಿಡ್ಡಿನಲ್ಲಿ ಕರಗಿಯೇ ಒಳಗೆ ಹೋಗಬೇಕು. ನೀನು ದಿನವೂ ಒಣ ಒಣ ತಿನ್ನುತ್ತಿರುವ ಆ ಕ್ಯಾರೆಟ್, ಟೊಮೆಟೊ, ಸೊಪ್ಪಿನ ಸಲಾಡ್ ಇದೆಯಲ್ಲ, ಜಿಡ್ಡು ಒಂದಿಷ್ಟೂ ಇಲ್ಲದಿದ್ದರೆ ಅದರ ಕೆರೊಟಿನಾಯ್ಡ್‌ಗಳು, ಅಂದರೆ ತರಕಾರಿಗೆ ಬಣ್ಣ ಕೊಡುವ ಒಳ್ಳೆಯ ಅಂಶಗಳು, ದೇಹಕ್ಕೆ ಹತ್ತುವುದೇ ತೀರಾ ಕಡಿಮೆ. ಅದರ ಮೇಲೆ ಒಂದು ಚಮಚ ಎಣ್ಣೆ ಹಾಕು, ನಾಲ್ಕು ಬೀಜ ಉದುರಿಸು. ಆಗ ತರಕಾರಿ ತಿಂದದ್ದೂ ಸಾರ್ಥಕ.

ಆದರೆ ಒಂದು ಮಾತು. ನೀನು ಒಂದು ತುದಿಯಿಂದ ಜಿಗಿದರೆ ಇನ್ನೊಂದು ತುದಿಗೇ ಹೋಗುವವನು, ಅದು ನನಗೆ ಗೊತ್ತು. ಕಾಫಿಗೆ ಬೆಣ್ಣೆ ಹಾಕಿ ಕುಡಿ, ಎಷ್ಟು ಕೊಬ್ಬು ತಿಂದರೂ ಏರುವುದಿಲ್ಲ ಅಂತ ಹೇಳುವವರೂ ಇದ್ದಾರೆ. ದಯವಿಟ್ಟು ಅಲ್ಲಿಗೆ ಹೋಗಬೇಡ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಬಾಣಲೆಗೆ ಅಂದಾಜಿನಲ್ಲಿ ಸುರಿದರೆ ಅದು ಮೂರು ಚಮಚ ಆಗುವುದು ಗೊತ್ತೇ ಆಗುವುದಿಲ್ಲ, ಅದಕ್ಕೇ ನಾನು ಇವತ್ತಿಗೂ ಚಮಚದಲ್ಲಿ ಅಳೆದೇ ಹಾಕುತ್ತೇನೆ. ಬೆಣ್ಣೆ, ತುಪ್ಪದಂಥವುಗಳಲ್ಲಿ ಜಾಸ್ತಿ ಇರುವ ಸ್ಯಾಚುರೇಟೆಡ್ ಕೊಬ್ಬು ದಿನದ ಶಕ್ತಿಯಲ್ಲಿ 10 ಪರ್ಸೆಂಟ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2,000 ಕ್ಯಾಲೊರಿ ತಿನ್ನುವವನಿಗೆ ಅದು ಸುಮಾರು 22 ಗ್ರಾಂ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ ಸುಮಾರು 7 ಗ್ರಾಂ ಇರುತ್ತದೆ. ಬೆಣ್ಣೆ ರುಚಿಗಿರಲಿ. ದಿನದ ಜಿಡ್ಡು ಬಹುಪಾಲು ಬೀಜ, ಮೀನು, ಆಲಿವ್ ಎಣ್ಣೆ, ಕಡಲೆಕಾಯಿ, ಎಳ್ಳು, ಬೆಣ್ಣೆಹಣ್ಣು ಇಂಥವುಗಳಿಂದ ಬರಲಿ. ನೈಸರ್ಗಿಕ ಅನ್ನುವ ಒಂದೇ ಕಾರಣಕ್ಕೆ ಎಷ್ಟು ಬೇಕಾದರೂ ತಿನ್ನಬಹುದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಪೂರ್ತಿ ಬಿಡಬೇಕಾದ ಕೊಬ್ಬು ಒಂದಿದೆ. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವ ವಿದ್ಯೆಗೆ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದ. ಅಗ್ಗ, ಬೇಗ ಕೆಡುವುದಿಲ್ಲ, ಬಿಸ್ಕತ್ತು ಗರಿಗರಿ. ಹಾಗೆ ಅರೆಬರೆ ಗಟ್ಟಿ ಮಾಡಿದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಎಷ್ಟು ಕೆಟ್ಟದ್ದು ಅಂತ ಒಪ್ಪಿಕೊಳ್ಳಲು ಜಗತ್ತಿಗೆ ಬಹಳ ವರ್ಷ ಬೇಕಾಯಿತು. ಡೆನ್ಮಾರ್ಕ್ 2003ರಲ್ಲಿ ಮಿತಿ ಹಾಕಿತು, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಆಹಾರದಿಂದಲೇ ತೆಗೆದುಹಾಕಿ ಅಂತ ಎಲ್ಲ ದೇಶಗಳಿಗೆ ಕರೆ ಕೊಟ್ಟದ್ದು 2018ರಲ್ಲಿ. ಪ್ಯಾಕೆಟ್ ಹಿಂದೆ 'ಭಾಗಶಃ ಹೈಡ್ರೋಜನೀಕರಿಸಿದ' ಅಂತ ಕಂಡರೆ ವಾಪಸ್ ಇಡು.

ಒಳ್ಳೆಯ ಕೊಬ್ಬು ತಿಂದರೆ ದಪ್ಪ ಆಗುತ್ತೇನೆ ಅನ್ನುವ ಭಯ ಇನ್ನೂ ಇದ್ದರೆ ಸ್ಪೇನಿನಲ್ಲಿ ನಡೆದ ದೊಡ್ಡ ಅಧ್ಯಯನ ಒಂದಿದೆ, 7,000ಕ್ಕೂ ಹೆಚ್ಚು ಜನ, ವರ್ಷಗಟ್ಟಲೆ ನಡೆದದ್ದು. ಒಂದು ಗುಂಪಿಗೆ ಆಲಿವ್ ಎಣ್ಣೆ ಧಾರಾಳ, ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಬೀಜಗಳು, ಕ್ಯಾಲೊರಿ ಕಡಿಮೆ ಮಾಡಿ ಅಂತ ಯಾರಿಗೂ ಹೇಳಿರಲಿಲ್ಲ. ಕೊಬ್ಬು ಕಡಿಮೆ ತಿನ್ನಿ ಅಂತ ಹೇಳಿಸಿಕೊಂಡ ಗುಂಪಿಗಿಂತ ಅವರೇನೂ ದಪ್ಪ ಆಗಲಿಲ್ಲ. ಹಾಗಂತ ಕೊಬ್ಬು ಜಾಸ್ತಿ ತಿಂದವರೇ ಗೆಲ್ಲುತ್ತಾರೆ ಅಂತಲೂ ಅಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 609 ಜನರನ್ನು ಒಂದು ವರ್ಷ ನೋಡಿತು. ಅರ್ಧ ಜನ ಕೊಬ್ಬು ಕಡಿಮೆ, ಅರ್ಧ ಜನ ಪಿಷ್ಟ ಕಡಿಮೆ. ಮೊದಲನೆಯವರು ಸರಾಸರಿ 5.3 ಕೆಜಿ ಇಳಿದರು, ಎರಡನೆಯವರು 6 ಕೆಜಿ, ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಇಬ್ಬರಿಗೂ ಹೇಳಿದ್ದ ಮಾತು ಒಂದೇ: ತರಕಾರಿ ಚೆನ್ನಾಗಿ ತಿನ್ನಿ, ಸಕ್ಕರೆ ಮೈದಾ ಕಡಿಮೆ ಮಾಡಿ, ಆದಷ್ಟು ಮನೆಯಲ್ಲಿ ಅಡುಗೆ ಮಾಡಿ. ನನಗೆ ಇಡೀ ಜಗಳದಲ್ಲಿ ಮುಖ್ಯ ಅನ್ನಿಸಿದ್ದು ಇದೇ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ಮೊದಲು ಬೆಳಗಿನ ತಿಂಡಿಯನ್ನು ಮಾತ್ರ ಬದಲಿಸು, ಬೇರೆ ಏನನ್ನೂ ಮುಟ್ಟಬೇಡ. ಎರಡು ಇಡೀ ಮೊಟ್ಟೆ, ಹಳದಿ ಸಮೇತ, ಜೊತೆಗೆ ತರಕಾರಿ ಜಾಸ್ತಿ. ಅಥವಾ ಸಕ್ಕರೆ ಹಾಕದ ಗಟ್ಟಿ ಮೊಸರು, ಒಂದು ಹಣ್ಣು, ಒಂದು ಹಿಡಿ ಬೀಜ. ನಿಧಾನಕ್ಕೆ, ಅಗಿದು, ಫೋನ್ ಪಕ್ಕಕ್ಕಿಟ್ಟು. ಸಂಜೆಯ ಬಿಸ್ಕತ್ತಿನ ಡಬ್ಬಿ ಮನೆಯಲ್ಲಿ ಇಲ್ಲದಿದ್ದರೆ ಒಳ್ಳೆಯದು, ಎದುರಿಗಿಟ್ಟುಕೊಂಡು ತಡೆದುಕೊಳ್ಳುವುದು ಯಾರಿಗೂ ಸುಲಭ ಅಲ್ಲ. ಆಲೂಗಡ್ಡೆಗೂ ಹೆದರಬೇಡ. 1995ರಲ್ಲಿ ಸಿಡ್ನಿಯಲ್ಲಿ 38 ಪದಾರ್ಥಗಳನ್ನು ಹೋಲಿಸಿ ನೋಡಿದಾಗ ಹೊಟ್ಟೆ ತುಂಬಿಸುವುದರಲ್ಲಿ ಬೇಯಿಸಿದ ಆಲೂಗಡ್ಡೆಯೇ ಮೊದಲು ಬಂತು, ಬಿಳಿ ಬ್ರೆಡ್ಡಿಗಿಂತ ಮೂರು ಪಟ್ಟಿಗೂ ಹೆಚ್ಚು. ಬೇಯಿಸಿದ್ದು ಅಂದೆ, ಚಿಪ್ಸ್ ಅಲ್ಲ. ಮತ್ತೆ ನಿದ್ದೆ. ನಿದ್ದೆಗೆಟ್ಟ ಮರುದಿನ ಹಸಿವು ಜಾಸ್ತಿ ಇರುತ್ತದೆ, ಅದನ್ನು ನೀನೇ ನೋಡಿರುತ್ತೀಯ.

ತೂಕ ನಿಧಾನವಾಗಿ ಇಳಿಯುತ್ತದೆ, ಅದಕ್ಕೆ ಮನಸ್ಸು ಮಾಡಿಕೋ. ನೀನು ಮೊದಲ ವಾರದಲ್ಲಿ ಇಳಿಸಿದ್ದರಲ್ಲಿ ಬಹಳಷ್ಟು ನೀರು. ದೇಹ ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಖರ್ಚಾದಾಗ ಅದರ ಒಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಸರಿಯಾಗಿ ಊಟ ಮಾಡಿದ ಕೂಡಲೇ ಅದು ತಿರುಗಿ ಬರುತ್ತದೆ. ವಾಪಸ್ ಬಂದ ಎರಡು ಕೆಜಿ ನೋಡಿ ಅತ್ತದ್ದು ನೀರಿಗಾಗಿ ಇರಬಹುದು. ವಾರಕ್ಕೆ ಅರ್ಧ ಕೆಜಿ ಇಳಿದರೂ ಸಾಕು. ನಿಂತರೂ ಪರವಾಗಿಲ್ಲ, ಸೊಂಟದ ಅಳತೆ ನೋಡು.

ನಿನ್ನ ಬಿಪಿ ಮಾತ್ರೆಯ ವಿಷಯ ಮರೆತಿಲ್ಲ. ಊಟ ಬದಲಾಗಿ ತೂಕ ಇಳಿಯತೊಡಗಿದರೆ ಮಾತ್ರೆಯ ಪ್ರಮಾಣ ನೋಡಬೇಕಾಗಬಹುದು, ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳು. ನೀನಾಗಿಯೇ ನಿಲ್ಲಿಸಬೇಡ. ರಕ್ತದ ಕೊಲೆಸ್ಟರಾಲ್ ಒಮ್ಮೆ ಈಗ, ಮೂರು ತಿಂಗಳಾದ ಮೇಲೆ ಒಮ್ಮೆ ನೋಡಿಸು.

ಹತ್ತು ದಿನ ಬಿಟ್ಟು ಫೋನ್ ಮಾಡುತ್ತೇನೆ. ತೂಕ ಕೇಳುವುದಿಲ್ಲ. ಬೆಳಿಗ್ಗೆ ಏನು ತಿಂದೆ, ಆಮೇಲೆ ಎಷ್ಟು ಹೊತ್ತಿಗೆ ಹಸಿವಾಯಿತು, ಇವೆರಡನ್ನು ದಿನಾ ಒಂದು ಚೀಟಿಯಲ್ಲಿ ಬರೆದಿಟ್ಟಿರು. ರಾತ್ರಿ ಹನ್ನೊಂದಕ್ಕೆ ನಿದ್ದೆಯಲ್ಲಿದ್ದೆಯಾ ಅಥವಾ ಅಡುಗೆಮನೆಯಲ್ಲಿದ್ದೆಯಾ ಅನ್ನುವುದನ್ನೂ ಹೇಳು.

ನಿನ್ನ ಗೆಳೆಯ